ರಿಮ್‌ಝಿಮ್‌ಗೊಬ್ಬ ಗಿರಾಕಿ

ಗೋಲ್ಡ್ ಸ್ಪಾಟ್ ಹೋಯಿತೆಂದು ಕೊರಗುವವರಿಗೆ ಜೊತೆಗೂಡಿ ಕೊರಗಲು ಜನ ಸಿಗುತ್ತಾರೆ. ಮದುವೆಯ ಪಂಕ್ತಿಯಲ್ಲಿ ಒಬ್ಬರು ಆ ಹೆಸರೆತ್ತಿದರೆ ಸಾಕು, ಐವತ್ತು ದಾಟಿದವರೆಲ್ಲ ಬಾಯಿ ಚಪ್ಪರಿಸಿ ತಮ್ಮ ತಮ್ಮ ಕಥೆ ಶುರು ಮಾಡುತ್ತಾರೆ. ನನ್ನ ದುಃಖಕ್ಕೆ ಆ ಭಾಗ್ಯವಿಲ್ಲ. ನಾನು ಕಳಕೊಂಡದ್ದು ರಿಮ್‌ಝಿಮ್. ಹೆಸರು ಹೇಳಿದರೆ ಅರ್ಧ ಜನ ಅದೇನೆಂದು ಕೇಳುತ್ತಾರೆ, ನೆನಪಿರುವ ಉಳಿದರ್ಧ ಮುಖ ಕಿವುಚುತ್ತಾರೆ.

ಗೊತ್ತಿಲ್ಲದವರಿಗೆ ಹೇಳಬೇಕು. ಥಮ್ಸ್ ಅಪ್, ಲಿಮ್ಕಾ, ಗೋಲ್ಡ್ ಸ್ಪಾಟ್, ಸಿಟ್ರಾ ಮಾಡುತ್ತಿದ್ದ ಪಾರ್ಲೆ ಕಂಪನಿಯದೇ ಇನ್ನೊಂದು ಕೂಸು ಈ ರಿಮ್‌ಝಿಮ್. ಮಸಾಲೆ ಸೋಡಾ. ಉಳಿದವೆಲ್ಲ ಬಾಯಿಗಿಟ್ಟ ಕೂಡಲೇ ಸಿಹಿಯಾಗಿ ಮಾತಾಡಿಸುತ್ತಿದ್ದವು. ಇದು ಮೊದಲು ಜೀರಿಗೆಯ ಘಾಟು ಮೂಗಿಗೇರಿಸಿ, ಆಮೇಲೆ ಕರಿಉಪ್ಪಿನ ರುಚಿ ನಾಲಿಗೆಗೆ ಹಚ್ಚಿ, ಕೊನೆಗೆ ಒಂದು ಭರ್ಜರಿ ತೇಗು ತರಿಸಿ ಹೋಗುತ್ತಿತ್ತು. ತೇಗು ಬಂದಾಗ ಇನ್ನೊಮ್ಮೆ ಅದೇ ರುಚಿ. ಒಂದೇ ರೊಕ್ಕಕ್ಕೆ ಎರಡು ಸಲ ಕುಡಿದಂತೆ ಎಂಬುದು ನನ್ನ ಆಗಿನ ಲೆಕ್ಕ.

ಆಗ ನಮ್ಮೂರು ಲೋಕಾಪುರ ವಿಜಾಪುರ ಜಿಲ್ಲೆಯಲ್ಲಿತ್ತು. ಬಾಗಲಕೋಟೆ ಜಿಲ್ಲೆಯಾದದ್ದು 1997ರಲ್ಲಿ. ಬಾಗಲಕೋಟೆಯಿಂದ ಕಲಾದಗಿ ದಾಟಿ ಬರುವ ಬಸ್ಸು, ಮುಧೋಳದಿಂದ ಇಳಿದು ಬರುವ ಬಸ್ಸು, ರಾಮದುರ್ಗದ ಕಡೆಯದು, ಯಾದವಾಡದ ಕಡೆಯದು ಎಲ್ಲವೂ ನಮ್ಮೂರಲ್ಲಿ ನಿಲ್ಲುತ್ತಿದ್ದವು. ಬಸ್ಸು ನಿಂತಲ್ಲಿ ಡಬ್ಬಿ ಅಂಗಡಿ, ಡಬ್ಬಿ ಅಂಗಡಿ ಇದ್ದಲ್ಲಿ ಬರ್ಫದ ಪೆಟ್ಟಿಗೆ, ಅದರೊಳಗೆ ಕುತ್ತಿಗೆಮಟ ಮುಳುಗಿದ ಬಾಟಲಿಗಳು. ಒಂದು ಬದಿಗೆ ಗೋಲಿ ಸೋಡಾ, ಇನ್ನೊಂದು ಬದಿಗೆ ಥಂಡಾ. ಥಂಡಾದ ಬದಿಯಲ್ಲಿ ತಳದಲ್ಲಿ ಎಲ್ಲೋ ಒಂದೆರಡು ರಿಮ್‌ಝಿಮ್. ಅಂಗಡಿಯ ಕಾಕಾ ತೋಳು ಮಡಿಸಿಕೊಂಡು ಬರ್ಫದ ನೀರಿನಲ್ಲಿ ಕೈ ಇಳಿಸಿ ಹುಡುಕುವಾಗ ಒಮ್ಮೆಯಾದರೂ ಗೊಣಗುವನು: “ತಮ್ಮಾ, ಮ್ಯಾಲೆ ಇಷ್ಟು ಅದಾವ. ನಿನಗ ಅದs ಬೇಕೇನೋ?”

ಅದೇ ಬೇಕಾಗಿತ್ತು. ಮನೆಯಲ್ಲಿ ಇದಕ್ಕೆ ‘ಹೊಟ್ಟಿ ಬ್ಯಾನಿ ಔಷಧ’ ಎಂದು ಹೆಸರು. ಹೆಸರಿಟ್ಟವರು ನಮ್ಮ ಸಣ್ಣ ಕಾಕಾ. ಅವರನ್ನು ಪೂರ್ತಿ ದೂಷಿಸಲಾರೆ. ನಮ್ಮ ಕಡೆ ಹೊಟ್ಟೆ ಉಬ್ಬರಿಸಿದರೆ ಅವ್ವಂದಿರು ಕೊಡುತ್ತಿದ್ದುದು ಅಜಿವಾನ, ಜೀರಿಗೆ, ಉಪ್ಪು. ಆ ಮೂರನ್ನೂ ನೆನಪಿಸುವ ವಸ್ತುವನ್ನು ರೊಕ್ಕ ಕೊಟ್ಟು, ಅದೂ ಆರೋಗ್ಯವಾಗಿದ್ದಾಗ, ಯಾರಾದರೂ ಯಾಕೆ ಕುಡಿಯಬೇಕು? ಅಲ್ಲದೆ ಇದು ಸಿಹಿಯ ನಾಡು. ಸುತ್ತಲೂ ಕಬ್ಬು. ಅತ್ತ ಸಮೀರವಾಡಿಯಲ್ಲಿ ಸಕ್ಕರೆ ಕಾರ್ಖಾನೆ, ಮಹಾಲಿಂಗಪುರದಲ್ಲಿ ಬೆಲ್ಲದ ಪೇಟೆ. ಇಂಥಲ್ಲಿ ಹುಟ್ಟಿ ಉಪ್ಪಿನ ಸೋಡಾಕ್ಕೆ ಆಸೆಪಟ್ಟವನನ್ನು ಜನ ವಿಚಿತ್ರವಾಗಿ ನೋಡಿದರೆ ತಪ್ಪಲ್ಲ.

ಕರಿಉಪ್ಪಿನ ವಾಸನೆಯ ಗುಟ್ಟು ನನಗೆ ತಿಳಿದದ್ದು ಬಹಳ ತಡವಾಗಿ. ಅದರಲ್ಲಿ ಗಂಧಕದ ಅಂಶಗಳಿರುತ್ತವೆ, ಬೇಯಿಸಿದ ಮೊಟ್ಟೆಯ ವಾಸನೆಗೂ ಗಂಧಕವೇ ಕಾರಣ. ಉಪ್ಪಿನ ಪುಡಿ ಸೋಡಾಕ್ಕೆ ಬಿದ್ದರೆ ಅದರಲ್ಲಿ ಕರಗಿದ್ದ ಗಾಳಿ ಹರಳಿನ ಒರಟು ಮೈಗೆ ಅಂಟಿ ಗುಳ್ಳೆಗಟ್ಟಿ ಒಮ್ಮೆಲೇ ಮೇಲೇಳುತ್ತದೆ, ಜೊತೆಗೆ ಆ ವಾಸನೆಯನ್ನೂ ಎತ್ತಿಕೊಂಡು ಬರುತ್ತದೆ. ಅಂದರೆ ಕುಡಿಯುವ ಮೊದಲೇ ಮೂಗು ತೀರ್ಪು ಕೊಟ್ಟಿರುತ್ತದೆ. ಮೂಗು ಒಲ್ಲೆ ಎಂದ ಮೇಲೆ ನಾಲಿಗೆಯ ಅಪೀಲನ್ನು ಬಹಳ ಜನ ಕೇಳುವುದಿಲ್ಲ.

ಬೇರೆಯವರಿಗೆ ಬೇಡವಾದುದನ್ನು ಇಷ್ಟಪಡುವುದರಲ್ಲಿ ದೊಡ್ಡ ಲಾಭಗಳಿವೆ. ಅಣ್ಣತಮ್ಮಂದಿರು, ಕಾಕಾನ ಮಕ್ಕಳು ತುಂಬಿದ ಮನೆಯಲ್ಲಿ ಲಿಮ್ಕಾದ ಬಾಟಲಿ ಹಿಡಿದವನ ಪಾಡು ನೋಡಬೇಕಿತ್ತು. “ಒಂದs ಒಂದು ಗುಟಕ ಕೊಡೋ” ಎನ್ನುವ ಕೈಗಳು ನಾಲ್ಕೂ ಕಡೆಯಿಂದ ಬಂದು, ಬಾಟಲಿ ಮರಳಿ ಬರುವಾಗ ತಳದಲ್ಲಿ ಉಗುಳೇ ಹೆಚ್ಚಿರುತ್ತಿತ್ತು. ನನ್ನ ಬಾಟಲಿಗೆ ಯಾರೂ ಕೈ ಚಾಚಲಿಲ್ಲ. ಬೀಗರು ಬಂದಾಗ ತರಿಸಿದ ಥಂಡಾದಲ್ಲಿ ಒಂದು ರಿಮ್‌ಝಿಮ್ ಬಂದಿದ್ದರೆ ಅದು ಉಳಿಯುವುದು ಖಾತ್ರಿ, ನನಗೆ ಸಿಗುವುದೂ ಖಾತ್ರಿ. ಬನಶಂಕರಿ ಜಾತ್ರೆಯ ನೂಕುನುಗ್ಗಲಲ್ಲೂ ನನ್ನ ಬಾಟಲಿ ನಿಶ್ಚಿಂತೆಯಿಂದ ಖಾಲಿಯಾಗುತ್ತಿತ್ತು.

ಆದರೆ ಇದೇ ಲಾಭ ಅದಕ್ಕೆ ಮುಳುವಾಯಿತು. 1993ರಲ್ಲಿ ಕೋಕಾ ಕೋಲಾ ಭಾರತಕ್ಕೆ ಮರಳಿ ಬಂದು ಪಾರ್ಲೆಯ ಥಂಡಾಗಳನ್ನೆಲ್ಲ ಕೊಂಡುಕೊಂಡಿತು. ಥಮ್ಸ್ ಅಪ್‌ನ ಬೆನ್ನಿಗೆ ಜನರಿದ್ದರು, ಅದು ಉಳಿಯಿತು. ಲಿಮ್ಕಾ ಉಳಿಯಿತು. ಕಿತ್ತಳೆಯ ಜಾಗದಲ್ಲಿ ಫಾಂಟಾ ಇದ್ದುದರಿಂದ ಗೋಲ್ಡ್ ಸ್ಪಾಟ್ ಹೋಯಿತು. ರಿಮ್‌ಝಿಮ್‌ನ ಜಾಗಕ್ಕೆ ಯಾರೂ ಬರಲೂ ಇಲ್ಲ, ಅದು ಹೋದದ್ದು ಯಾರಿಗೂ ತಿಳಿಯಲೂ ಇಲ್ಲ. ನಮ್ಮ ಡಬ್ಬಿ ಅಂಗಡಿಯ ಕಾಕಾ “ಬರೂದs ಇಲ್ಲ ಈಗ” ಎಂದು ಮತ್ತೊಬ್ಬ ಗಿರಾಕಿಗೆ ಚಿಲ್ಲರೆ ಎಣಿಸತೊಡಗಿದರು. ಒಂದು ರುಚಿಯ ಮರಣವಾರ್ತೆ ನನಗೆ ತಲುಪಿದ್ದು ಹೀಗೆ.

ಅಮೆರಿಕದವರ ಗೋಳು ಕೇಳಿದಾಗ ನನಗೆ ಹೊಟ್ಟೆಕಿಚ್ಚಾಗುವುದು ಇದಕ್ಕೇ. 1985ರ ಏಪ್ರಿಲ್‌ನಲ್ಲಿ ಕೋಕಾ ಕೋಲಾ ತನ್ನ ಹಳೆಯ ರುಚಿ ಬಿಟ್ಟು ಹೊಸದನ್ನು ತಂದಿತು. ತರುವ ಮೊದಲು ಸುಮಾರು 2 ಲಕ್ಷ ಜನರಿಗೆ ಕುಡಿಸಿ ನೋಡಿತ್ತು, ಹೊಸದೇ ಚೆನ್ನ ಎಂದು ಹೆಚ್ಚಿನವರು ಒಪ್ಪಿದ್ದರು. ಆದರೂ ಹಳೆಯದು ಕಾಣೆಯಾದ ಕೂಡಲೇ ಫೋನು, ಪತ್ರ, ಬೈಗುಳ. 79 ದಿನಗಳಲ್ಲಿ ಕಂಪನಿ ಹಳೆಯದನ್ನು ಮತ್ತೆ ಅಂಗಡಿಗೆ ತಂದಿತು. ಅಲ್ಲಿ ಕೂಗಿದವರು ಬಹಳ ಮಂದಿ. ಲೋಕಾಪುರದಿಂದ ಒಬ್ಬ ಹುಡುಗ ಒಂದು ಕಾರ್ಡು ಬರೆದಿದ್ದರೆ ಯಾವ ಕಚೇರಿಯಲ್ಲಿ ಯಾರು ಓದುತ್ತಿದ್ದರು?

ನಮ್ಮ ನಾಡಿಗೂ ಇಂಥದೊಂದು ಅನಾಥ ಪಾನೀಯದ ನಂಟಿದೆ. 1977ರಲ್ಲಿ ಜನತಾ ಸರ್ಕಾರದ ಕಾಲಕ್ಕೆ ಕೋಕಾ ಕೋಲಾ ದೇಶ ಬಿಟ್ಟಾಗ, ಆ ಜಾಗ ತುಂಬಲು ಸರ್ಕಾರವೇ ಒಂದು ಕೋಲಾ ಮಾಡಿಸಿತು. ಹೆಸರು ಡಬಲ್ ಸೆವೆನ್, ಆ ವರ್ಷದ ನೆನಪಿಗೆ. ಅದರ ಪಾಕ ಹದಗೊಳಿಸಿದ್ದು ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ, ತಯಾರಿಸಿದ್ದು ಬ್ರೆಡ್ಡು ಮಾಡುತ್ತಿದ್ದ ಸರ್ಕಾರಿ ಕಂಪನಿ. ಜನ ಅದನ್ನು ಹಚ್ಚಿಕೊಳ್ಳಲಿಲ್ಲ, ಸರ್ಕಾರದ ಹಿಂದೆಯೇ ಅದೂ ಹೋಯಿತು. ಮೈಸೂರಿನ ಕಡೆ ಯಾರೋ ಒಬ್ಬರು ಡಬಲ್ ಸೆವೆನ್ ನೆನೆದು ಇಂದಿಗೂ ಒಬ್ಬರೇ ನಿಟ್ಟುಸಿರು ಬಿಡುತ್ತಿರಬಹುದು. ಅವರು ಎಲ್ಲಿದ್ದರೂ ನನ್ನ ನಮಸ್ಕಾರ.

ನನಗೆ ನಿಜವಾಗಿ ಸಿಟ್ಟು ಬರುವುದು ಈಚಿನ ಬೆಳವಣಿಗೆಗೆ. ಜೀರಾ ಸೋಡಾ ಈಗ ಎಲ್ಲರಿಗೂ ಬೇಕು! ಪುತ್ತೂರಿನಲ್ಲಿ ಹುಟ್ಟಿದ ಬಿಂದು ಜೀರಾ ಘಟ್ಟ ಹತ್ತಿ ನಮ್ಮ ಕಡೆಯ ಅಂಗಡಿಗಳಿಗೂ ಬಂದು ಕೂತಿದೆ. ಬಸ್‌ಸ್ಟ್ಯಾಂಡಿನಲ್ಲಿ ಮಿರ್ಚಿ ಭಜಿ ತಿಂದ ಹುಡುಗರು ಅದನ್ನೇ ಕೇಳುತ್ತಾರೆ. ‘ಹೊಟ್ಟಿ ಬ್ಯಾನಿ ಔಷಧ’ ಎಂದು ಹೆಸರಿಟ್ಟ ಸಣ್ಣ ಕಾಕಾ, ಹೋಳಿಗೆ ಊಟವಾದ ಮೇಲೆ ಮೊಮ್ಮಗನನ್ನು ಕಳಿಸಿ ಜೀರಾ ತರಿಸಿ, ಕುಡಿದು, ತೇಗಿ, “ಭಾಳ ಚೊಲೋ ಐತಿ ನೋಡಪಾ, ಉಂಡದ್ದು ಕರಗತೈತಿ” ಎಂದು ನನಗೇ ಹೇಳುತ್ತಾರೆ. ಹಳೆಯದನ್ನು ನೆನಪಿಸಿದರೆ “ಅದು ಬ್ಯಾರೆ, ಇದು ಬ್ಯಾರೆ” ಎಂದು ಪಕ್ಕಕ್ಕೆ ಹೊರಳುತ್ತಾರೆ. ಜನರ ನಾಲಿಗೆ ಬದಲಾದಾಗ, ಮೊದಲಿನಿಂದ ಅದೇ ಹೇಳುತ್ತಿದ್ದವನಿಗೆ ಒಂದು ಮಾತಿನ ಮರ್ಯಾದೆಯೂ ಸಲ್ಲುವುದಿಲ್ಲ.

ರಿಮ್‌ಝಿಮ್ ಎಂಬ ಹೆಸರೂ ಮರಳಿ ಬಂತು. ಕೆಲವು ವರ್ಷಗಳ ಹಿಂದೆ ಕೋಕಾ ಕೋಲಾ ಆ ಹಳೆಯ ಹೆಸರನ್ನು ಹೊಸ ಜೀರಾ ಪಾನೀಯಕ್ಕೆ ಹಚ್ಚಿ ಪ್ಲಾಸ್ಟಿಕ್ ಬಾಟಲಿಯಲ್ಲಿ ಬಿಟ್ಟಿತು. ಕ್ಯಾಂಪಾ ಕೋಲಾವನ್ನು ರಿಲಯನ್ಸ್‌ನವರು 2023ರಲ್ಲಿ ಎಬ್ಬಿಸಿ ನಿಲ್ಲಿಸಿದ್ದೂ ಇದೇ ಹಳೆಯ ನೆನಪಿನ ವ್ಯಾಪಾರದಿಂದಲೇ. ಹೊಸ ರಿಮ್‌ಝಿಮ್ ಕುಡಿದು ನೋಡಿದೆ. ಕೆಟ್ಟದ್ದೇನಲ್ಲ. ಆದರೆ ಸಿಹಿ ಮುಂದೆ ನಿಂತಿದೆ, ಜೀರಿಗೆ ಹಿಂದೆ ಸರಿದು ಮರ್ಯಾದೆಯಿಂದ ಕೂತಿದೆ. ಯಾರೂ ಮುಖ ಕಿವುಚಬಾರದೆಂದು ಎಚ್ಚರವಹಿಸಿ ಮಾಡಿದ ಸೋಡಾ ಅದು. ಹಳೆಯದಕ್ಕೆ ಆ ಎಚ್ಚರ ಇರಲಿಲ್ಲ. ನಾಲಿಗೆಗೆ ವಯಸ್ಸಾಗಿದೆ, ನಿಮ್ಮದೇ ಭ್ರಮೆ ಎಂದು ಮನೆಯವಳ ವಾದ. ಇರಬಹುದು. ಹಳೆಯ ಬಾಟಲಿಯೊಂದು ಸಿಗದ ಹೊರತು ಈ ವ್ಯಾಜ್ಯ ತೀರುವಂಥದ್ದಲ್ಲ.

ಆದ್ದರಿಂದ ಓದುಗರಲ್ಲಿ ಒಂದು ವಿನಂತಿ. ನಿಮ್ಮಲ್ಲಿ ಹಳೆಯ ರಿಮ್‌ಝಿಮ್ ಕುಡಿದು, ಅದನ್ನು ಮನಸಾರೆ ಮೆಚ್ಚಿ, ಮಂದಿಯಿಂದ ಬೈಸಿಕೊಂಡವರು ಯಾರಾದರೂ ಇದ್ದರೆ ಲೋಕಾಪುರಕ್ಕೆ ಬಂದಾಗ ನಮ್ಮ ಮನೆಗೆ ಬನ್ನಿ. ಕರ್ನಾಟಕದ 1960ರ ಸಂಘಗಳ ನೋಂದಣಿ ಕಾಯ್ದೆಯಂತೆ ಒಂದು ಸಂಘ ಕಟ್ಟಲು ಕನಿಷ್ಠ ಏಳು ಜನ ಬೇಕು. ಒಬ್ಬ ನಾನಿದ್ದೇನೆ, ಇನ್ನು ಆರು ಜನ ಸಾಕು.