ಆರು ಜನರ ಕೂಲಿ

ಚಪ್ಪಲಿ ಹೊರಗೆ ಬಿಟ್ಟು ಚಾಪೆಯ ಮೇಲೆ ಕೂತಿದ್ದೀರಿ. ಹಿಂದೂಪುರದಲ್ಲಿ ಭಾನುವಾರದ ಬೆಳಗು. ನೆಲದ ತಂಪು ಅಂಗಾಲಿಗೆ ತಾಗುತ್ತಿದೆ. ಮುಂದೆ ತೆಲುಗು ಹಾಡು, ಪಕ್ಕದ ಅಜ್ಜಿಯ ಬಾಯಲ್ಲಿ ಕನ್ನಡದ ಪ್ರಾರ್ಥನೆ. ಈ ಗಡಿಯಲ್ಲಿ ಎರಡೂ ಒಂದೇ ಉಸಿರಲ್ಲಿ ಬರುತ್ತವೆ. ನಿಮ್ಮ ಅಂಗಿ ಜೇಬಿನಲ್ಲಿ ಮಡಚಿದ ನೋಟುಗಳಿವೆ. ನಿನ್ನೆ ಕಲ್ಯಾಣದುರ್ಗದ ನಿಮ್ಮ ಹೊಲದಲ್ಲಿ ಕಡಲೆಕಾಯಿ ಬಿಡಿಸಿದ ಆರು ಹೆಂಗಸರ ಕೂಲಿ ಅದು. "ಸೋಮವಾರ ಕೊಡ್ತೀನಿ, ಹೋಗ್ರಮ್ಮ" ಅಂದು ಬಸ್ಸು ಹತ್ತಿದ್ದಿರಿ.

ಪಾಸ್ಟರು ಬೈಬಲಿನಿಂದ ಪ್ರವಾದಿ ಯೆಶಾಯನ ಗ್ರಂಥದ ಆರನೇ ಅಧ್ಯಾಯ ಓದತೊಡಗುತ್ತಾರೆ. ಕಣ್ಣು ಮುಚ್ಚುತ್ತೀರಿ.

ಯೆರೂಸಲೇಮಿನ ದೇವಾಲಯದ ಬಾಗಿಲು. ಕ್ರಿಸ್ತಪೂರ್ವ 740ರ ಆಸುಪಾಸು, ಉಜ್ಜೀಯ ಅರಸ ತೀರಿಕೊಂಡ ವರ್ಷ. 52 ವರ್ಷ ಆಳಿದವನು. ಯಾಜಕರು ತಡೆದರೂ ಕೇಳದೆ ಧೂಪ ಹಾಕಲು ಒಳಗೆ ನುಗ್ಗಿದ್ದ. ಧೂಪಾರತಿ ಕೈಯಲ್ಲಿರುವಾಗಲೇ ಹಣೆಯ ಮೇಲೆ ಕುಷ್ಠ ಮೂಡಿತ್ತು. ಆ ಸುದ್ದಿ ನಿಮಗೂ ಗೊತ್ತು. ಹೊಸ್ತಿಲಲ್ಲೇ ಕಾಲು ನಿಲ್ಲುತ್ತದೆ.

ಹೊಗೆ. ಕಣ್ಣುರಿ. ಮೇಲೆ ರೆಕ್ಕೆಗಳ ಬಡಿತ. ಸೆರಾಫಿಯರೆಂಬ ಆರು ರೆಕ್ಕೆಯ ದೇವದೂತರು ಎರಡರಿಂದ ಮುಖ ಮುಚ್ಚಿಕೊಂಡು ಒಂದೇ ಪದವನ್ನು ಮೂರು ಸಲ ಕೂಗುತ್ತಾರೆ: ಕಾದೋಶ್. ಹೊಸ್ತಿಲು ನಡುಗುತ್ತದೆ. ಅವರೇ ಮುಖ ಮುಚ್ಚಿಕೊಂಡರೆ ನೀವೆಲ್ಲಿ ಅಡಗುತ್ತೀರಿ? ನಾಲಿಗೆ ಒಣಗಿದೆ. ಕೆಟ್ಟೆ, ಸತ್ತೆ ಅನ್ನಿಸುತ್ತದೆ.

ಆ ಹೀಬ್ರೂ ಪದದಲ್ಲಿ ಎಲ್ಲದರಿಂದ ಬೇರೆಯಾಗಿರುವುದು ಎಂಬ ಅರ್ಥವಿದೆ. ಕನ್ನಡ ಬೈಬಲ್ ಪರಿಶುದ್ಧ ಎನ್ನುತ್ತದೆ. ನಮ್ಮ ಕಿವಿ ಅದನ್ನು ಮಡಿ ಎಂದು ಕೇಳಿಸಿಕೊಳ್ಳುತ್ತದೆ. ಆದರೆ ಮಡಿ ಮೈಲಿಗೆಯನ್ನು ಕಂಡರೆ ದೂರ ಸರಿಯುತ್ತದೆ. ಇಲ್ಲಿ ಹಾಗಲ್ಲ. ಬಲಿಪೀಠದಿಂದ ಇಕ್ಕಳದಲ್ಲಿ ಹಿಡಿದ ಕೆಂಡ ನಿಮ್ಮತ್ತಲೇ ಬರುತ್ತಿದೆ. ಹತ್ತಿರ. ಇನ್ನೂ ಹತ್ತಿರ. ಮೀಸೆಗೆ ಕಾವು ತಾಗುತ್ತದೆ. ಓಡಬೇಕೋ, ನಿಲ್ಲಬೇಕೋ? ನಿಲ್ಲುತ್ತೀರಿ. ಕೆಂಡ ಮುಟ್ಟುವುದು ಕೈಯನ್ನಲ್ಲ, ತುಟಿಯನ್ನು. "ಸೋಮವಾರ" ಅಂದ ತುಟಿಯನ್ನು.

ಕಣ್ಣು ಬಿಟ್ಟಾಗ ಪಾಸ್ಟರು ಯಾಜಕಕಾಂಡದ 19ನೇ ಅಧ್ಯಾಯಕ್ಕೆ ಬಂದಿದ್ದಾರೆ. ದೇವರು ಪರಿಶುದ್ಧನಾಗಿರುವುದರಿಂದ ಜನರೂ ಹಾಗಿರಬೇಕು ಎಂದು ಶುರುವಾಗುವ ಅಧ್ಯಾಯ ಅದು. ಮುಂದೆ ಹೊಲದ ಮಾತು: ಹಕ್ಕಲು ಬಡವರಿಗೂ ಪರದೇಶಿಗಳಿಗೂ ಬಿಡಿ, ಕೂಲಿಯವರ ಹಣ ಬೆಳಗಿನವರೆಗೆ ನಿಮ್ಮ ಬಳಿ ಉಳಿಯದಿರಲಿ. ಬೈಬಲಿನಲ್ಲಿ ದೇವರ ಪರಿಶುದ್ಧತೆ ಎಂದರೆ ಏನೆಂದು ಯಾರಾದರೂ ಕೇಳಿದರೆ ನಾನು ತೋರಿಸುವುದು ಈ ಅಧ್ಯಾಯವನ್ನೇ.

ಒಂದು ಬೆಳಗು ಆಗಲೇ ಕಳೆದಿದೆ. ಜೇಬು ಭಾರವಾಗಿದೆ. ಏಳುತ್ತೀರಿ.

ಕಲ್ಯಾಣದುರ್ಗದಲ್ಲಿ ಇಳಿದಾಗ ಬಿಸಿಲು ಓರೆಯಾಗಿದೆ. ನಿಮ್ಮ ಹೊಲದ ಕೆಂಪು ಮಣ್ಣು ಕೆದಕಿ ಮುದುಕಿಯೊಬ್ಬಳು ಹಕ್ಕಲು ಕಾಯಿ ಆಯುತ್ತಿದ್ದಾಳೆ. ನಿಮ್ಮನ್ನು ಕಂಡು ಸೆರಗು ಮುಚ್ಚಿಕೊಳ್ಳುತ್ತಾಳೆ. "ಆಯ್ಕೋ ಅಜ್ಜಿ" ಅನ್ನುತ್ತೀರಿ. ಮೊದಲ ಮನೆಯಲ್ಲಿ ಒಲೆಯ ಹೊಗೆ. "ನಾಳೆ ಅಂದಿದ್ರಲ್ಲಣ್ಣ?" ಉತ್ತರ ಹೊಳೆಯದೆ ನೋಟು ಎಣಿಸುತ್ತೀರಿ. ಎರಡು, ಮೂರು, ನಾಲ್ಕು, ಐದು ಮನೆ.

ಆರನೆಯವಳ ಮನೆ ಕೇರಿಯ ಕೊನೆಗಿದೆ. ನಡೆಯಿರಿ, ಇನ್ನೂ ಕತ್ತಲಾಗಿಲ್ಲ.