ಊರು ಬಿಟ್ಟು ಬಂದವರ ಹೆಜ್ಜೆಗುರುತು

ಕಾರ್ಕಳಕ್ಕೆ ಬಂದವರು ನೇರ ಗೊಮ್ಮಟಬೆಟ್ಟ ಹತ್ತುತ್ತಾರೆ. 1432ರ ಆ 42 ಅಡಿಯ ಮೂರ್ತಿಯನ್ನೂ ಎದುರಿನ ಚತುರ್ಮುಖ ಬಸದಿಯನ್ನೂ ನೋಡಿ, ಆನೆಕೆರೆಯ ದಡದಲ್ಲಿ ಸ್ವಲ್ಪ ಹೊತ್ತು ಕೂತು ಬಸ್ಸು ಹಿಡಿಯುತ್ತಾರೆ. ನೀವು ಬಂದರೆ ರಥಬೀದಿಯಲ್ಲೂ ಒಮ್ಮೆ ನಡೆಯಿರಿ. ಅಲ್ಲಿನ ಅಂಗಡಿಗಳಲ್ಲಿ ಕೇಳಿಸುವ ಕೊಂಕಣಿ ಗೋವಾದಿಂದ ಬಂದದ್ದು. 16ನೇ ಶತಮಾನದಲ್ಲಿ ಪೋರ್ಚುಗೀಸರ ಕಾಟ ತಾಳಲಾರದೆ ಓಡಿ ಬಂದ ಕುಟುಂಬಗಳು ಕರಾವಳಿಯುದ್ದಕ್ಕೂ ನೆಲೆಸಿದವು. ಜೈನ ಭೈರರಸರ ರಾಜ್ಯವಾಗಿದ್ದ ಕಾರ್ಕಳದಲ್ಲೂ ಅವರಿಗೆ ಜಾಗ ಸಿಕ್ಕಿತು.

ಗೋವಾದಲ್ಲಿ 1560ರಲ್ಲಿ ಸ್ಥಾಪನೆಯಾದ ಧರ್ಮವಿಚಾರಣಾ ನ್ಯಾಯಾಲಯ ಹಿಂದೂಗಳನ್ನು ಮಾತ್ರ ಕಾಡಲಿಲ್ಲ. ಕ್ರೈಸ್ತರಾಗಿದ್ದ ಯಹೂದಿ ಮೂಲದವರೂ ಅದಕ್ಕೆ ಬಲಿಯಾದರು. ಯಹೂದಿಗಳ ಓಟ ಅಲ್ಲಿಗೆ ನಿಲ್ಲಲಿಲ್ಲ. 1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ ಮೇಲೆ ಜರ್ಮನಿಯಿಂದ ದಿಕ್ಕಾಪಾಲಾದ ಒಂದು ಕುಟುಂಬದ ಜಾಡು ನಮ್ಮ ಬೆಂಗಳೂರಿನಲ್ಲೇ ಇದೆ. ಕಾರ್ಕಳದಿಂದ ರಾತ್ರಿ ಬಸ್ಸು ಹತ್ತಿದರೆ ಬೆಳಿಗ್ಗೆ ತಲುಪುತ್ತೀರಿ. ಮಲ್ಲೇಶ್ವರದ ಆಚೆ, ಜನ ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣಕ್ಕೆ ಹೋಗಿ.

ಮ್ಯಾಕ್ಸ್ ಬಾರ್ನ್ ಗಾಟಿಂಗೆನ್‌ನ ದೊಡ್ಡ ಭೌತವಿಜ್ಞಾನಿ. ಯಹೂದಿ ಎಂಬ ಒಂದೇ ಕಾರಣಕ್ಕೆ 1933ರಲ್ಲಿ ಅವರ ಕೆಲಸ ಹೋಯಿತು. ಯಹೂದಿ ಎಂದೊಡನೆ ನಿಮಗೆ ಪ್ಯಾಲೆಸ್ತೀನ್ ನೆನಪಾಗಬಹುದು. ಅದು ಬೇರೆಯೇ ಕತೆ; ಈ ಮನುಷ್ಯ ಯಾರ ಮನೆಯನ್ನೂ ಕಸಿದವರಲ್ಲ. 1935ರಲ್ಲಿ ಸಿ.ವಿ. ರಾಮನ್ ಅವರನ್ನು ಇಲ್ಲಿಗೆ ಕರೆಸಿದರು. ಪತ್ನಿ ಹೇಡಿಯ ಜತೆ ಬಂದು ಸುಮಾರು ಆರು ತಿಂಗಳಿದ್ದರು. ಅವರನ್ನು ಕಾಯಂ ಪ್ರಾಧ್ಯಾಪಕರನ್ನಾಗಿ ಮಾಡಬೇಕೆಂದು ರಾಮನ್ ಪ್ರಸ್ತಾಪಿಸಿದಾಗ, ಸಭೆಯಲ್ಲಿ ಒಬ್ಬ ಇಂಗ್ಲಿಷ್ ಪ್ರೊಫೆಸರ್ ಎದ್ದು, ತನ್ನ ದೇಶದಿಂದಲೇ ಹೊರದಬ್ಬಿಸಿಕೊಂಡ ಎರಡನೇ ದರ್ಜೆಯ ಪರದೇಶಿ ನಮಗೆ ಬೇಡ ಎಂಬರ್ಥದ ಮಾತಾಡಿದರು. ಬಾರ್ನ್ ಅಲ್ಲೇ ಕುಳಿತಿದ್ದರು. ಮನೆಗೆ ಹೋಗಿ ಪತ್ನಿಯ ಮುಂದೆ ಅತ್ತೇಬಿಟ್ಟರಂತೆ. ಆ ‘ಎರಡನೇ ದರ್ಜೆಯವರಿಗೆ’ 1954ರಲ್ಲಿ ನೊಬೆಲ್ ಬಂತು, ಇರಲಿ. ಆದರೆ ನೊಬೆಲ್ ಬಾರದವರಿಗೂ ತಲೆಯ ಮೇಲೊಂದು ಸೂರು ಬೇಕಲ್ಲವೇ? ಹಿಟ್ಲರನ ಆಳ್ವಿಕೆ ಮುಗಿಯುವಷ್ಟರಲ್ಲಿ ಸುಮಾರು 60 ಲಕ್ಷ ಯಹೂದಿಗಳ ಕೊಲೆಯಾಗಿತ್ತು.

ಬಾರ್ನ್ 1936ರಲ್ಲಿ ಎಡಿನ್‌ಬರೋ ಸೇರಿದರು. ಅವರ ಸೋದರಳಿಯ ಓಟ್ಟೊ ಕೋನಿಗ್ಸ್‌ಬರ್ಗರ್ ವಾಸ್ತುಶಿಲ್ಪಿ. ಅವರೂ 1933ರಲ್ಲಿ ಕೆಲಸ ಕಳೆದುಕೊಂಡು ಈಜಿಪ್ಟಿನಲ್ಲಿದ್ದರು. 1939ರಲ್ಲಿ ಅವರನ್ನು ಮೈಸೂರು ಸಂಸ್ಥಾನದ ಕೆಲಸಕ್ಕೆ ಕರೆಸಿಕೊಂಡವರು ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್. ಮಾವನಿಗೆ ಜಾಗ ಕೊಡದ ಅದೇ ಆವರಣದಲ್ಲಿ ಅಳಿಯ ಏರೋನಾಟಿಕ್ಸ್ ಮತ್ತು ಲೋಹಶಾಸ್ತ್ರ ವಿಭಾಗಗಳ ಕಟ್ಟಡ ಕಟ್ಟಿದರು. ನಮ್ಮ ಬಿಸಿಲು, ಮಳೆ, ಗಾಳಿಯ ಲೆಕ್ಕ ಹಾಕಿ ಕಟ್ಟುವುದು ಅವರ ಪದ್ಧತಿ. ಗೊಮ್ಮಟನಂತೆ ಇವು ದೂರಕ್ಕೆ ಕಾಣುವುದಿಲ್ಲ, ಮರಗಳ ನಡುವೆ ಹುಡುಕಬೇಕು.

1948ರಲ್ಲಿ ಕೋನಿಗ್ಸ್‌ಬರ್ಗರ್ ದಿಲ್ಲಿಗೆ ಹೋಗಿ ಕೇಂದ್ರ ಸರಕಾರದ ವಸತಿ ನಿರ್ದೇಶಕರಾದರು. ದೇಶ ವಿಭಜನೆಯಲ್ಲಿ ಮನೆಮಠ ಕಳೆದುಕೊಂಡು ಬಂದವರಿಗೆ ಮನೆ ಒದಗಿಸುವ ಹೊಣೆ ಅವರ ಮೇಲಿತ್ತು.