ಮಾಸು ಮುಂದಿದೆಯಲ್ಲ, ಅದಕ್ಕೇ

ನಮ್ಮ ಮನೆಯಲ್ಲಿ ಬಸಿರಿಗೆ ಎರಡು ಭಾಷೆ. ಉರ್ದುವಿನಲ್ಲಿ 'ಪಾಂವ್ ಭಾರಿ ಹೈ' ಎನ್ನುತ್ತೇವೆ, ಕಾಲು ಭಾರವಾಗಿದೆ ಎಂದು. ಅಕ್ಕಪಕ್ಕದವರು ಕನ್ನಡದಲ್ಲಿ 'ಎರಡು ಜೀವದವಳು' ಎನ್ನುತ್ತಾರೆ. ಕಳೆದ ವರ್ಷ, ಗಂಡ ದುಬೈಯಲ್ಲಿದ್ದ ಕಾರಣಕ್ಕೆ, ನಮ್ಮ ಕಿರಿಯ ತಂಗಿ ಮೂರನೇ ತಿಂಗಳಿಗೇ ಭದ್ರಾವತಿಯ ತವರಿಗೆ ಬಂದಳು. ಕಾಲು ಭಾರವಾಗಿದ್ದು ನಿಜ. ಎರಡನೇ ಜೀವದ ಬಗ್ಗೆ ಮಾತ್ರ ಅವಳಿಗೆ ಅನುಮಾನ ಶುರುವಾಗಿತ್ತು. ಐದು ತಿಂಗಳಾದರೂ ಹೊಟ್ಟೆಯೊಳಗೆ ಏನೂ ಮಿಸುಕಾಡಿರಲಿಲ್ಲ.

ಅನುಮಾನ ಹುಟ್ಟಿಸಿದವರು ನಾವೇ. ಹೆತ್ತ ಹೆಂಗಸರು ಒಂದೆಡೆ ಕೂತರೆ ಬೇರೆ ಮಾತು ಎಲ್ಲಿಯದು? ಮೀನು ಬಾಲ ಬಡಿದ ಹಾಗೆ ಎಂದೆವು, ಗಂಜಿಯಲ್ಲಿ ಗುಳ್ಳೆ ಒಡೆದ ಹಾಗೆ ಎಂದೆವು. ನಾಲ್ಕು ತಿಂಗಳಿಗೇ ಗೊತ್ತಾಯಿತು ಎಂದು ಒಬ್ಬರಿಗಿಂತ ಒಬ್ಬರು ಜಂಬ ಕೊಚ್ಚಿಕೊಂಡೆವು. "ನೂರಿಪ್ಪತ್ತು ದಿನಕ್ಕೆ ರೂಹ್ ಬರುತ್ತದೆ. ಆಮೇಲೆ ಮಗು ಸುಮ್ಮನಿರುವುದುಂಟೇ?" ಎಂದರು ಬಡೀ ಖಾಲಾ. ತಂಗಿ ಎದ್ದು ಒಳಕೋಣೆಗೆ ಹೋಗಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಮಲಗುತ್ತಿದ್ದಳು. ಸುಸ್ತಿರಬೇಕೆಂದು ನಾವು ತಿಳಿದೆವು. ನಮ್ಮೊಳಗೆ ಕತೆ ಬರೆಯುವವಳೊಬ್ಬಳಿದ್ದೂ ಆ ಮುಖ ಓದಲಾಗಲಿಲ್ಲ.

ಇಪ್ಪತ್ತನೇ ವಾರದ ಸ್ಕ್ಯಾನಿಂಗ್ ವರದಿಯಲ್ಲಿ 'ಪ್ಲಾಸೆಂಟಾ ಆಂಟೀರಿಯರ್' ಎಂದಿತ್ತು. ಉರ್ದು ಶಾಲೆಯ ನಮಗೆ ಆಂವಲ್ ಗೊತ್ತು, ಹೈಸ್ಕೂಲಿನ ಕನ್ನಡ ಪುಸ್ತಕದ ಜರಾಯು ಗೊತ್ತು, ಪಕ್ಕದ ಮನೆಯಜ್ಜಿ ಹೇಳುತ್ತಿದ್ದ ಮಾಸು ಗೊತ್ತು. ಮೂರೂ ಒಂದೇ ಎಂದು ಹೊಂದಿಸಿಕೊಳ್ಳುವಷ್ಟರಲ್ಲಿ ಒಬ್ಬರು ಹಾಗಾದರೆ ಹೆಣ್ಣು ಎಂದರು, ಇನ್ನೊಬ್ಬರು ದಾರಿಗೆ ಅಡ್ಡ ಕೂತಿದೆ, ಆಪರೇಶನ್ನೇ ಗತಿ ಎಂದರು.

ಡಾಕ್ಟರಮ್ಮ ಎರಡನ್ನೂ ತಳ್ಳಿಹಾಕಿದರು. ಮಾಸು ಗರ್ಭಚೀಲದ ಯಾವ ಗೋಡೆಗಾದರೂ ಅಂಟಿಕೊಳ್ಳಬಹುದು. ಹಿಂದೆ, ಮೇಲೆ, ಪಕ್ಕಕ್ಕೆ, ಅಥವಾ ಹೊಟ್ಟೆಯ ಕಡೆಗೆ. ಗರ್ಭದ ಬಾಯಿಗೆ ಅಡ್ಡ ಬರುವುದು ಬೇರೆಯೇ ಸಂಗತಿ, ಇವಳಿಗೆ ಅದಿರಲಿಲ್ಲ. ಮುಂದಿದ್ದರೆ ಮಗುವಿಗೂ ತಾಯಿಯ ಹೊಟ್ಟೆಗೂ ನಡುವೆ ದಿಂಬಿಟ್ಟ ಹಾಗೆ. ಮಗು ಒದೆಯುತ್ತಲೇ ಇರುತ್ತದೆ, ದಿಂಬು ನುಂಗಿಕೊಳ್ಳುತ್ತದೆ. ಸಾಮಾನ್ಯವಾಗಿ 16ರಿಂದ 24 ವಾರದೊಳಗೆ ಚಲನೆ ತಿಳಿಯುತ್ತದೆ. ಚೊಚ್ಚಲಿಗೆ ಎಷ್ಟೋ ಸಲ 20 ವಾರ ದಾಟಬೇಕು, ಮಾಸು ಮುಂದಿದ್ದರೆ ಇನ್ನೂ ಸ್ವಲ್ಪ ತಡ. 24 ವಾರವಾದರೂ ಏನೂ ತಿಳಿಯದಿದ್ದರೆ ಬನ್ನಿ ಎಂದರು. ಹೊಕ್ಕುಳ ಸುತ್ತ ಹುಡುಕಬೇಡಿ, ಪಕ್ಕೆಯಲ್ಲಿ, ಕಿಬ್ಬೊಟ್ಟೆಯಲ್ಲಿ ಗಮನವಿಡಿ ಎಂದೂ ಹೇಳಿಕೊಟ್ಟರು.

23ನೇ ವಾರದ ಒಂದು ರಾತ್ರಿ ಅವಳು ಮನೆಯವರನ್ನೆಲ್ಲ ಎಬ್ಬಿಸಿದಳು. ಎಡಗಡೆ, ಸೊಂಟದ ಹತ್ತಿರ, ಎರಡು ಸಲ. ನಾವು ಸರದಿಯಂತೆ ಕೈಯಿಟ್ಟೆವು. ನಮ್ಮ ಕೈಗೆ ಏನೂ ಸಿಗಲಿಲ್ಲ. ಅವಳ ಮುಖ ನೋಡಿ ನಂಬಿದೆವು.

ಅಷ್ಟಕ್ಕೆ ಮುಗಿದಿದ್ದರೆ ಇದನ್ನು ಬರೆಯಬೇಕಾಗಿರಲಿಲ್ಲ. ಕಲಿತ ಒಂದು ಮಾತನ್ನು ನಾವು ತಾಯತದಂತೆ ಕಟ್ಟಿಕೊಂಡೆವು. ಎಂಟನೇ ತಿಂಗಳ ಹೊತ್ತಿಗೆ ಮಗುವಿಗೆ ತನ್ನದೇ ವೇಳಾಪಟ್ಟಿಯಿತ್ತು. ಇಶಾ ನಮಾಜು ಮುಗಿದು ಇವಳು ಒರಗಿದಳೆಂದರೆ ಅದರ ಆಟ ಶುರು. 33ನೇ ವಾರದಲ್ಲಿ ಒಂದು ದಿನ ಬೆಳಗಿನಿಂದ ಅದು ಮಂಕಾಯಿತು, ರಾತ್ರಿಯೂ ಆಟವಿಲ್ಲ. "ಮಾಸು ಮುಂದಿದೆಯಲ್ಲ, ಅದಕ್ಕೇ" ಎಂದೆವು. ತಣ್ಣೀರು ಕುಡಿಸಿದೆವು, ಸಿಹಿ ತಿನ್ನಿಸಿದೆವು. ಗಂಡ ರಜೆಗೆ ಬಂದಾಗ ತಂದುಕೊಟ್ಟಿದ್ದ, ಎದೆಬಡಿತ ಕೇಳಿಸುವ ಪುಟ್ಟ ಯಂತ್ರವನ್ನೂ ಹೊಟ್ಟೆಗಿಟ್ಟೆವು. ಲಬಡಬ ಕೇಳಿಸಿತು. ಅಲ್ಹಮ್ದುಲಿಲ್ಲಾಹ್, ಮಲಗು ಎಂದೆವು.

ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಅಮ್ಮಿ ಆಗ ಮಾತಾಡಿದರು. "ದೊಡ್ಡವಳಿಗಿಂತ ಮುಂಚೆ ನನಗೊಂದಿತ್ತು. ಎಂಟನೇ ತಿಂಗಳು. ಎರಡು ದಿನ ಸುಮ್ಮನಾಯಿತು. ದಿನ ಹತ್ತಿರ ಬಂತು, ಮಗು ಮಲಗಿದೆ ಅಂದರು. ನಾನೂ ಮಲಗಿದೆ. ಗಾಡಿ ಕರೆಸಿ."

ದೊಡ್ಡವಳಿಗೆ ಈಗ ಐವತ್ತರ ಹತ್ತಿರ. ಅಷ್ಟು ವರ್ಷ ಈ ಮಾತು ನಮ್ಮ ಕಿವಿಗೆ ಬಿದ್ದಿರಲಿಲ್ಲ.

ಶಿವಮೊಗ್ಗದ ಆಸ್ಪತ್ರೆಯಲ್ಲಿ ಹೊಟ್ಟೆಗೆ ಬೆಲ್ಟು ಕಟ್ಟಿದರು, ಬಡಿತದ ಗೆರೆ ಕಾಗದದ ಮೇಲೆ ಹರಿಯಿತು. ಸ್ಕ್ಯಾನಿಂಗೂ ಆಯಿತು. ಮಗು ಚೆನ್ನಾಗಿತ್ತು. ಸುಮ್ಮನೆ ತೊಂದರೆ ಕೊಟ್ಟೆವೆಂದು ನಾವು ಸಂಕೋಚಪಟ್ಟಾಗ, ನಮ್ಮ ತಂಗಿಗಿಂತ ಚಿಕ್ಕವರಾದ ಡ್ಯೂಟಿ ಡಾಕ್ಟರು ಗದರಿದರು. ಮಾಸು ಮುಂದಿರುವುದರಿಂದ ಮೊದಮೊದಲು ಒದೆತ ತಿಳಿಯದಿರಬಹುದು. ಒಮ್ಮೆ ಮಗುವಿನ ರೂಢಿ ತಾಯಿಗೆ ತಿಳಿದ ಮೇಲೆ, ಅದು ಕಡಿಮೆಯಾದರೆ ಮಾಸಿನ ಮೇಲೆ ಹಾಕಿ ಕೂರುವಂತಿಲ್ಲ. ದಿನ ತುಂಬುತ್ತ ಬಂದಂತೆ ಮಗು ಸುಮ್ಮನಾಗುತ್ತದೆ ಎಂಬುದೂ ಸುಳ್ಳು. ಬೆಳಗಾಗಲಿ ಎಂದು ಕಾಯಬಾರದು, ನಾಳೆ ಮತ್ತೆ ಹಾಗಾದರೆ ಮತ್ತೆ ಬರಬೇಕು. "ಆ ಯಂತ್ರ ಎತ್ತಿಡಿ ಅಮ್ಮಾ. ಅದರಲ್ಲಿ ಕೇಳಿಸೋದು ತಾಯಿಯ ನಾಡಿಯೇ ಇರಬಹುದು. ಮಗುವಿನದ್ದೇ ಆದರೂ, ಬಡಿತ ಕೇಳಿಸಿತು ಅಂದಮಾತ್ರಕ್ಕೆ ಅದು ಕ್ಷೇಮವಾಗಿದೆ ಅಂತಲ್ಲ." ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ಆಮೇಲೆ ಇನ್ನೊಂದು ಸಲವೂ ಓಡಿದೆವು. ಆಗಲೂ ಎಲ್ಲ ಸರಿಯಿತ್ತು.

39ನೇ ವಾರದಲ್ಲಿ ಹೆರಿಗೆಯಾಯಿತು, ಗಂಡುಮಗು. ಹೆಣ್ಣೆಂದಿದ್ದವರು ಜಾಣರಂತೆ ಮಾತು ಬದಲಿಸಿದರು. ಇಷ್ಟು ದಿನ ನಮ್ಮನ್ನು ಆಡಿಸಿದ ಆಂವಲನ್ನು ತೋರಿಸಿ ಎಂದು ನರ್ಸಮ್ಮನನ್ನು ಕೇಳಿಕೊಂಡೆವು. ಅಕ್ಕಿರೊಟ್ಟಿಯಗಲ, ಅರ್ಧ ಕಿಲೋ ತೂಗಬಹುದು. ಹಿಂದೆ ಸೂಲಗಿತ್ತಿ ಹಿತ್ತಲಲ್ಲಿ ಗುಂಡಿ ತೋಡಿ ಹೂಳುತ್ತಿದ್ದಳು. ಈಗ ಹಳದಿ ಚೀಲಕ್ಕೆ ಹೋಗುತ್ತದೆ. ಅಮ್ಮಿ ಚೀಲದ ಬಾಯಿ ಕಟ್ಟುವವರೆಗೂ ನೋಡುತ್ತ ನಿಂತಿದ್ದರು.

ಅವರ ಆ ಮಗು ಗಂಡೋ ಹೆಣ್ಣೋ ಎಂದು ನಾವಿನ್ನೂ ಕೇಳಿಲ್ಲ.